ಸೀತಾ ಹೊಳೆ ಸೀಮೆಯ ಹೂ ಚಾರಣ: ನಡಿಗೆ ಚೆನ್ನ, ಗುಂಪು ದೊಡ್ಡದು

ಮೂರು ಕಿಲೋಮೀಟರ್ ನಡೆಯಲು ನಾಲ್ಕು ಗಂಟೆ ಹಿಡಿಯುವ ಚಾರಣಕ್ಕೆ ತಲೆಗೆ 1,400 ರೂಪಾಯಿ ಕೊಡಬೇಕೇ ಎಂದು ಕೇಳುವವರಿದ್ದಾರೆ. ಹೂ ನೋಡುವ ಆಸೆಯಿದ್ದರೆ ಧಾರಾಳವಾಗಿ ಕೊಡಬಹುದು. ಜಲಪಾತದಡಿ ನಿಂತು ಫೋಟೊ ತೆಗೆಸಿಕೊಳ್ಳುವುದಷ್ಟೇ ಗುರಿಯಾದರೆ ಬೇಡ, ಅದಕ್ಕೆ ಬೇರೆ ಪ್ಯಾಕೇಜುಗಳು ಬೇಕಾದಷ್ಟಿವೆ. ಮಳೆಗಾಲದ ಕೊನೆಗೆ ವಾರಾಂತ್ಯಗಳಲ್ಲಿ ಉಡುಪಿಯಿಂದ ಹೊರಡುವ ಈ ಹೂ ಚಾರಣ, ಹೆಬ್ರಿ ಮತ್ತು ಸೋಮೇಶ್ವರದ ನಡುವೆ ಸೀತಾ ಹೊಳೆಗೆ ಇಳಿದು ಬರುವ ಒಂದು ಹಳ್ಳದ ಕಣಿವೆಯಲ್ಲಿ ಸಾಗುತ್ತದೆ. ಇಲ್ಲಿ ನಡೆಸುವ ವೇಗವೂ ಗಿಡ ತೋರಿಸುವ ರೀತಿಯೂ ತುಂಬ ಚೆನ್ನಾಗಿವೆ. ಗುಂಪಿನ ಗಾತ್ರ ಮತ್ತು ಹೊರಡುವ ಹೊತ್ತು ಮಾತ್ರ ಸರಿಯಿಲ್ಲ. ಇವೆರಡನ್ನು ತಿದ್ದಿಕೊಂಡರೆ ಕರಾವಳಿಯಲ್ಲಿ ಹೂ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ.

ಉಡುಪಿಯಿಂದ ಹೆಬ್ರಿಗೆ ಸುಮಾರು 32 ಕಿಲೋಮೀಟರ್, ಅಲ್ಲಿಂದ ಸೋಮೇಶ್ವರಕ್ಕೆ ಇನ್ನೊಂದು ಹತ್ತು ಹನ್ನೆರಡು. ಚಾರಣ ನಡೆಸುವ ತಂಡದವರು ಟೆಂಪೋ ಟ್ರಾವೆಲರ್ ಮಾಡುತ್ತಾರೆ, ಬೆಳಗಿನ ತಿಂಡಿ ಹೆಬ್ರಿಯಲ್ಲಿ. ಮಂಗಳೂರಿನವರು ಉಡುಪಿಗೆ ಹೋಗಿ ಹತ್ತಬೇಕಾಗಿಲ್ಲ. ಮೂಡುಬಿದಿರೆ, ಕಾರ್ಕಳ ದಾರಿಯಲ್ಲಿ ನೇರ ಹೆಬ್ರಿಗೆ ಬಂದು ಅಲ್ಲೇ ಸೇರಿಕೊಳ್ಳಬಹುದು. ಬುಕ್ ಮಾಡುವಾಗಲೇ ಹೇಳಿದರೆ ಒಪ್ಪುತ್ತಾರೆ, ಆದರೆ ದರದಲ್ಲಿ ಕಡಿಮೆ ಮಾಡುವುದಿಲ್ಲ.

ಕಣಿವೆಯ ಆಯ್ಕೆಯಲ್ಲೇ ಅರ್ಧ ಕೆಲಸ ಆಗಿದೆ. ಸೀತಾ ಹೊಳೆ ಹುಟ್ಟುವುದು ಆಗುಂಬೆ ಸೀಮೆಯ ಘಟ್ಟದಲ್ಲಿ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಅಲ್ಲಿ 4,508 ಮಿಲಿಮೀಟರ್ ಸುರಿದ ದಾಖಲೆಯಿದೆ. ಇಷ್ಟು ನೀರು ಕುಡಿದ ಗುಡ್ಡ ಮಳೆ ನಿಂತ ಮೇಲೂ ವಾರಗಟ್ಟಲೆ ಒಸರುತ್ತಲೇ ಇರುತ್ತದೆ. ಹಳ್ಳದ ಎರಡೂ ಬದಿಯ ಬಂಡೆ ಗೋಡೆ ಒಣಗುವುದೇ ಇಲ್ಲ. ಬಿಸಿಲು ದಿನಕ್ಕೆ ಒಂದೆರಡು ಗಂಟೆಯಷ್ಟೇ ತಳಕ್ಕೆ ಮುಟ್ಟುತ್ತದೆ. ಬಯಲಿನ ಹೂಗಳು ಬಾಡಿದ ಮೇಲೂ ಇಲ್ಲಿ ಹೂವಿರುವುದು ಇದರಿಂದಲೇ.

ಸೆಪ್ಟೆಂಬರ್ ಕೊನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗಿನ ತಂಡಗಳಲ್ಲಿ ಹೋಗಿ. ಜೂನ್, ಜುಲೈಯಲ್ಲಿ ಹಳ್ಳ ದಾಟುವ ಮಾತೇ ಇಲ್ಲ, ಘಟ್ಟದ ಬುಡದ ಹೊಳೆ ಜಲಪಾತಗಳಿಗೆ ಪ್ರವೇಶವನ್ನೂ ಆಗಾಗ ನಿಲ್ಲಿಸುತ್ತಾರೆ. ಆಗಸ್ಟ್ ಕೊನೆಗೆ ಹೂ ಬೇಕಾದಷ್ಟಿರುತ್ತವೆ, ನೀರಿನ ಮೇಲೆ ಮಾತ್ರ ನಂಬಿಕೆ ಇಡುವಂತಿಲ್ಲ. ಮರದ ಹೂ, ಸೀತಾಳೆ (ಆರ್ಕಿಡ್) ನೋಡಬೇಕೆನ್ನುವವರಿಗೆ ಕಾಲವೇ ಬೇರೆ. ಹೊಳೆದಾಸವಾಳದ ನೇರಳೆ ಗೊಂಚಲು ಏಪ್ರಿಲ್‌ನಿಂದ ಜೂನ್ ತನಕ, ಮರದ ಕೊಂಬೆಯಿಂದ ಇಳಿಬೀಳುವ ಸೀತಾಳೆ ದಂಡೆ ಮೇ–ಜೂನಿನಲ್ಲಿ, ನೀರಿನಂಚಿನ ಅಶೋಕದ ಕಿತ್ತಳೆ ಗೊಂಚಲು ಬೇಸಿಗೆಯ ಆರಂಭದಲ್ಲಿ. ಪ್ರಚಾರದ ಚಿತ್ರದಲ್ಲಿ ಸೀತಾಳೆ ದಂಡೆ ಹಾಕಿ ಅಕ್ಟೋಬರಿನ ನಡಿಗೆಗೆ ಕರೆಯುವುದು ಸರಿಯಲ್ಲ. ಅಕ್ಟೋಬರಿನಲ್ಲಿ ಅದರ ಎಲೆ ಮಾತ್ರ ಕಾಣುತ್ತದೆ.

ನಡಿಗೆ ಶುರುವಾಗುವುದು ಅಡಿಕೆ ತೋಟದ ಬದಿಯಿಂದ, ಒಂದು ಕಾಲುಸಂಕ ದಾಟಿ. ಮೊದಲ ಅರ್ಧ ಕಿಲೋಮೀಟರನ್ನು ಹೆಚ್ಚಿನ ತಂಡಗಳು ಓಡಿಸಿಕೊಂಡು ಹೋಗುತ್ತವೆ. ಇವರು ಹಾಗೆ ಮಾಡುವುದಿಲ್ಲ, ಅದೇ ಇವರ ದೊಡ್ಡ ಗುಣ. ತೋಟದ ಬೇಲಿಯಲ್ಲೇ ನೆಕ್ಕರಿಕವಿದೆ: ಐದು ನೇರಳೆ ಎಸಳು, ನಡುವೆ ಎರಡು ಬಗೆಯ ಕೇಸರ. ಗಿಡ್ಡನೆಯ ಹಳದಿ ಕೇಸರ ದುಂಬಿಗೆ ತಿನ್ನಲು, ಉದ್ದನೆಯ ಬಾಗಿದ ಕೇಸರ ಅದರ ಮೈಗೆ ಪರಾಗ ಹಚ್ಚಲು. ಅದರಾಚೆ ರಥಪುಷ್ಪ, ಅದರ ಮೇಲೆ ದೊಡ್ಡ ಚಿಟ್ಟೆಗಳು. ಬೇಲಿಗೆ ಹಬ್ಬಿದ ಅಗ್ನಿಶಿಖೆಯ ಬಳ್ಳಿ ಸಿಕ್ಕಿದಲ್ಲಿ ಗಡ್ಡೆಯ ವಿಷದ ಬಗ್ಗೆ ಸ್ಪಷ್ಟವಾಗಿ ಎಚ್ಚರಿಸುತ್ತಾರೆ. ಗಡ್ಡೆಯಲ್ಲಿರುವ ಕೋಲ್ಚಿಸಿನ್ ಜೀವಕ್ಕೇ ಅಪಾಯ. ಮಕ್ಕಳನ್ನು ಕರೆತರುವವರು ಇದನ್ನು ಕಿವಿಗೊಟ್ಟು ಕೇಳಬೇಕು.

ಕಣಿವೆ ಕಿರಿದಾಗುವ ಕಡೆ, ಎಡಬದಿಯ ಒಸರು ಬಂಡೆಯೇ ಈ ಚಾರಣದ ಜೀವಾಳ. ದೂರದಿಂದ ನೋಡಿದರೆ ಹಾವಸೆ ಕಟ್ಟಿದ ಕಪ್ಪು ಗೋಡೆ. ಎರಡಡಿ ಹತ್ತಿರ ಹೋದರೆ ಗುಲಾಬಿ ಬಣ್ಣದ ಚುಕ್ಕಿಗಳು, ಇನ್ನೂ ಹತ್ತಿರ ಹೋದರೆ ಬಂಡೆಯ ಮೇಲೆ ಬೆಳೆಯುವ ಕಾಂಡವಿಲ್ಲದ ಕರ್ಣಕುಂಡಲ, ಇಂಪೇಷಿಯನ್ಸ್ ಅಕಾಲಿಸ್. ಎಲೆಗಳೆಲ್ಲ ಬುಡದಲ್ಲಿ, ನಡುವಿನಿಂದ ತೆಳ್ಳನೆಯ ದೇಟು, ತುದಿಯಲ್ಲಿ ಹೂ. ಹೂವಿನ ಹಿಂದೆ ಉದ್ದನೆಯ ಬಾಲ ಬಾಗಿರುತ್ತದೆ. ಮಕರಂದ ಇರುವುದು ಆ ಬಾಲದ ತುದಿಯಲ್ಲಿ, ಉದ್ದ ಹೀರುಗೊಳವೆ ಇರುವ ಕೀಟಕ್ಕೇ ಅದು ಎಟುಕುವುದು. ಮಾರ್ಗದರ್ಶಕರು ಇಲ್ಲಿ ಹತ್ತು ಪಟ್ಟು ದೊಡ್ಡದು ಮಾಡುವ ಪುಟ್ಟ ಭೂತಗನ್ನಡಿಯನ್ನು ಕೈಯಿಂದ ಕೈಗೆ ಕೊಡುತ್ತಾರೆ. ಹೂವಿನ ಬಾಯಿಯ ಮೇಲ್ಭಾಗದಲ್ಲಿ ಬಿಳಿಯ ಪುಟ್ಟ ಟೊಪ್ಪಿ ಕಂಡರೆ ಹೂ ಇನ್ನೂ ಗಂಡು ಹಂತದಲ್ಲಿದೆ. ಐದು ಪರಾಗಕೋಶಗಳು ಕೂಡಿಯೇ ಆ ಟೊಪ್ಪಿ ಆಗಿರುವುದು. ಅದು ಉದುರಿ ಒಳಗಿನ ಹಸಿರು ಮೊನೆ ಕಂಡರೆ ಅದೇ ಹೂ ಹೆಣ್ಣು ಹಂತಕ್ಕೆ ಬಂದಿದೆ. ಒಂದೇ ಬಂಡೆಯಲ್ಲಿ ಎರಡೂ ಹಂತದ ಹೂಗಳನ್ನು ಅಕ್ಕಪಕ್ಕ ತೋರಿಸುತ್ತಾರೆ. ಹಣ ಸಾರ್ಥಕವಾಗುವುದು ಇಲ್ಲಿ.

ಭೂತಗನ್ನಡಿ ಹಿಡಿಯುವ ಕ್ರಮವನ್ನು ಅವರು ಇನ್ನಷ್ಟು ಬಿಡಿಸಿ ಹೇಳಬೇಕಿತ್ತು. ಗಾಜನ್ನು ಹೂವಿನ ಹತ್ತಿರ ಹಿಡಿದು ದೂರದಿಂದ ನೋಡಿದರೆ ಮಸುಕು ಬಿಟ್ಟು ಬೇರೇನೂ ಕಾಣುವುದಿಲ್ಲ. ಗಾಜು ಕಣ್ಣಿಗೆ ತಾಗುವಷ್ಟು ಹತ್ತಿರ ಇರಬೇಕು, ಆಮೇಲೆ ತಲೆಯನ್ನೇ ಹೂವಿನತ್ತ ಎರಡೂವರೆ ಸೆಂಟಿಮೀಟರ್ ದೂರದವರೆಗೆ ಒಯ್ಯಬೇಕು. ಹೂವನ್ನು ಕಣ್ಣಿನತ್ತ ಎಳೆಯಬಾರದು. ಬಂಡೆಯ ಈ ಗಿಡಗಳಿಗೆ ಮಣ್ಣೆಂಬುದು ಉಗುರಿನ ದಪ್ಪದ ಹಾವಸೆಯ ಪದರ ಮಾತ್ರ. ದೇಟು ಎಳೆದರೆ ಗಿಡ ಬೇರುಸಹಿತ ಕೈಗೆ ಬರುತ್ತದೆ.

ಅದೇ ಬಂಡೆಯ ಕೆಳಗಿನ ಸಾಲಿನಲ್ಲಿ ಸೊನೆರಿಲ ಎಂಬ ಗುಲಾಬಿ ಹೂವಿನ ಪುಟ್ಟ ಗಿಡ ಇದೆ. ಮೂರೇ ಎಸಳು, ಮೂರೇ ಹಳದಿ ಕೇಸರ. ಈ ಲೆಕ್ಕ ಒಮ್ಮೆ ಮನಸ್ಸಿಗೆ ಬಂದರೆ ಕರ್ಣಕುಂಡಲದ ಜೊತೆ ಮತ್ತೆ ಗೊಂದಲವಾಗದು. ನೀರು ತೊಟ್ಟಿಕ್ಕುವ ಸಂದಿನಲ್ಲಿ ಕಾಡು ಬೆಗೋನಿಯಾ. ಎಲೆಯ ಒಂದು ಪಾರ್ಶ್ವ ದೊಡ್ಡದು, ಇನ್ನೊಂದು ಚಿಕ್ಕದು, ಹೂವಿಲ್ಲದಾಗಲೂ ಅದರಿಂದ ಗುರುತಿಸಬಹುದು.

ಕೊಟ್ಟ ಗುರುತು ಹಾಳೆ ಮಾತ್ರ ಇಷ್ಟು ಒಳ್ಳೆಯ ಮಾರ್ಗದರ್ಶಕರಿಗೆ ತಕ್ಕದ್ದಲ್ಲ. ಲ್ಯಾಮಿನೇಟ್ ಮಾಡಿದ್ದರಿಂದ ನೆನೆಯುವುದಿಲ್ಲ, ಅಷ್ಟು ಸರಿ. ಹೂಗಳನ್ನು ಅದರಲ್ಲಿ ಬಣ್ಣದ ಪ್ರಕಾರ ಜೋಡಿಸಿದ್ದಾರೆ. ಘಟ್ಟದ ಕರ್ಣಕುಂಡಲಗಳಲ್ಲಿ ಗುಲಾಬಿ ಬಣ್ಣದವೇ ಹೆಚ್ಚಾಗಿರುವಾಗ ಬಣ್ಣದಿಂದ ಏನನ್ನು ತಾನೇ ಬೇರ್ಪಡಿಸುವುದು? ಗಿಡ ಇರುವ ಜಾಗದ ಪ್ರಕಾರ ಜೋಡಿಸಿದ್ದರೆ ಹೊಸಬರಿಗೆ ಹುಡುಕಲು ಹತ್ತು ಪಾಲು ಸುಲಭ: ಒಸರು ಬಂಡೆ, ನೀರಿನಂಚು, ಮರದ ಕೊಂಬೆ, ಮುರಕಲ್ಲಿನ ಪದವು (ಜಂಬಿಟ್ಟಿಗೆ ಕಲ್ಲಿನ ಬಯಲು). ಎಲೆ ಎದುರುಬದುರೇ, ಒಂದಾದ ಮೇಲೊಂದೇ ಎಂಬ ಸಾಲೂ ಅದರಲ್ಲಿಲ್ಲ.

ಬಂಡೆ ಗೋಡೆಯ ನಂತರ ಹಳ್ಳ ದಾಟುವುದಿದೆ, ಎರಡು ಕಡೆ. ಇಲ್ಲಿ ತಂಡದ ಶಿಸ್ತು ಮೆಚ್ಚುವಂಥದ್ದು. ಊರಿನ ಅನುಭವಿಯೊಬ್ಬರು ಮೊದಲು ದಾಟಿ ಹಗ್ಗ ಕಟ್ಟುತ್ತಾರೆ. ನೀರು ಮೊಣಕಾಲು ಮೀರಿದರೆ ದಾಟಿಸುವುದಿಲ್ಲ, ಬಂದ ದಾರಿಯಲ್ಲೇ ವಾಪಸ್. ಓಡುವ ನೀರು ಮೊಣಕಾಲಿನ ಮೇಲೆ ಬಂದಾಗ ಕಾಲಿನ ಮೇಲೆ ಬೀಳುವ ಒತ್ತಡ ಒಮ್ಮೆಲೇ ಏರುತ್ತದೆ, ಗಟ್ಟಿ ಆಳುಗಳೂ ನಿಲ್ಲಲಾರರು. ದಾಟುವಾಗ ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಬೇಕು. ಬಿದ್ದರೆ ಬ್ಯಾಗು ಕಳಚಿಕೊಳ್ಳಬೇಕೇ ಹೊರತು ನೀರು ತುಂಬಿ ಕೆಳಕ್ಕೆ ಎಳೆಯಬಾರದು. ಮುಖ ಸ್ವಲ್ಪ ಮೇಲ್ಹರಿವಿನ ಕಡೆ, ಕೋಲು ಮೇಲ್ಹರಿವಿನ ಬದಿಗೆ, ಒಂದು ಕಾಲು ಊರಿದ ಮೇಲೆ ಇನ್ನೊಂದು. ಕಪ್ಪಗೆ ನುಣುಪಾದ ಬಂಡೆಯ ನೆತ್ತಿಗೆ ಕಾಲಿಡಬೇಡಿ, ಬಂಡೆಗಳ ನಡುವಿನ ಜಲ್ಲಿಗೆ ಇಡಿ.

ಆ ಕಪ್ಪು ನುಣುಪಿನಲ್ಲೂ ಒಂದು ವಿಶೇಷವಿದೆ, ಹೆಚ್ಚಿನ ಚಾರಣಗಳಲ್ಲಿ ಯಾರೂ ಹೇಳದೆ ದಾಟಿಹೋಗುವಂಥದ್ದು. ಸೆಳವಿರುವ ಕಡೆ ಬಂಡೆಗೆ ಅಂಟಿಕೊಂಡ ಪಾಚಿಯಂಥದ್ದೆಲ್ಲ ಪಾಚಿಯಲ್ಲ. ಪೋಡೋಸ್ಟೆಮೇಸಿ ಕುಟುಂಬದ, ಹೂ ಬಿಡುವ ಗಿಡಗಳೂ ಅದರಲ್ಲಿರುತ್ತವೆ. ಮಳೆಗಾಲ ಪೂರ್ತಿ ನೀರಿನಡಿ ಬಂಡೆಗೆ ಅಂಟಿ ಬೆಳೆದು, ನೀರು ಇಳಿದು ಬಂಡೆ ಗಾಳಿಗೆ ತೆರೆದುಕೊಂಡಾಗ ಕೆಲವೇ ದಿನಗಳಲ್ಲಿ ಹೂ ಬಿಟ್ಟು ಬೀಜ ಕಟ್ಟಿ ಒಣಗುತ್ತವೆ. ಹೂ ಸಾಸಿವೆ ಕಾಳಿನ ಆಸುಪಾಸು. ಬೀಜ ಧೂಳಿನಷ್ಟು ಸಣ್ಣದು, ನೆನೆದಾಗ ಲೋಳೆಯಾಗಿ ಬಂಡೆಗೆ ಅಂಟುತ್ತದೆ. ಮುಂದಿನ ಮಳೆಗೆ ಕೊಚ್ಚಿಹೋಗದಿರಲು ಅದೇ ಅದರ ಉಪಾಯ. ಮೇಲೆ ಅಣೆಕಟ್ಟೋ ಕಿಂಡಿ ಅಣೆಕಟ್ಟೋ ಕಟ್ಟಿ ನೀರು ಏರಿಳಿಯುವ ಕ್ರಮ ತಪ್ಪಿಸಿದರೆ ಈ ಗಿಡಗಳ ಲೆಕ್ಕವೂ ತಪ್ಪುತ್ತದೆ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ವರೆಗೆ ಇದನ್ನೇ ನೋಡಲೆಂದು ಪ್ರತ್ಯೇಕ ನಡಿಗೆ ಇಟ್ಟರೆ ಬರುವವರಿದ್ದಾರೆ. ಈಗ ಎರಡು ಮಾತಿನಲ್ಲಿ ಮುಗಿಸಿ ಮುಂದೆ ಹೋಗುತ್ತಾರೆ, ಅದು ಕೊರತೆಯೇ.

ಈಗ ಗುಂಪಿನ ವಿಷಯ. ಒಂದು ತಂಡಕ್ಕೆ 20 ಜನರನ್ನು ತುಂಬುತ್ತಾರೆ. ಬೆಟ್ಟ ಹತ್ತುವ ಚಾರಣಕ್ಕೆ ಅದು ದೊಡ್ಡ ಗುಂಪಲ್ಲ. ಒಬ್ಬರ ಹಿಂದೆ ಒಬ್ಬರೇ ನಡೆಯಬೇಕಾದ ಹಳ್ಳದ ದಂಡೆಯಲ್ಲಿ ಸಾಲು ಉದ್ದವಾಗುತ್ತದೆ, ನೀರಿನ ಸದ್ದಿನಲ್ಲಿ ಮುಂದಿನವರ ವಿವರಣೆ ಏಳೆಂಟು ಜನರಾಚೆ ಕೇಳಿಸುವುದಿಲ್ಲ. ಹಿಂದಿನವರು ಹೂವಿನ ಹತ್ತಿರ ಬರುವಷ್ಟರಲ್ಲಿ ಮುಂದಿನವರು ಹೊರಟಾಗಿರುತ್ತದೆ, ಕಾಲಡಿಯ ಸಸಿಗಳು ತುಳಿತಕ್ಕೆ ಸಿಕ್ಕಿರುತ್ತವೆ. ಸಮತೋಲನ ತಪ್ಪಿದವರು ಕೈಯೂರುವುದು ಒಸರು ಬಂಡೆಗೇ. ಒಂದು ಅಂಗೈ ಊರಿದ ಜಾಗದಲ್ಲಿ ಹಾವಸೆಯ ಪದರ ಜಾರಿ ಆರೇಳು ಗಿಡ ಒಟ್ಟಿಗೆ ಕೆಳಗೆ ಬರುತ್ತವೆ. ಹತ್ತು ಜನ, ಇಬ್ಬರು ಮಾರ್ಗದರ್ಶಕರು, ಇದು ಈ ಕಣಿವೆಗೆ ಹೊಂದುವ ಲೆಕ್ಕ. ದರ 400 ರೂಪಾಯಿ ಹೆಚ್ಚು ಮಾಡಿದರೂ ಹೂವಿಗಾಗಿ ಬರುವವರು ಬೇಡ ಎನ್ನಲಾರರು.

ಹೊರಡುವ ಹೊತ್ತು ಇನ್ನೊಂದು ದೋಷ. ಕಾಗದದಲ್ಲಿ ಆರು ಗಂಟೆ. ತಡವಾಗಿ ಬಂದವರನ್ನು ಕಾದು, ತಿಂಡಿ ಮುಗಿಸಿ ಹಳ್ಳದ ಬದಿಗೆ ಬರುವಾಗ ಒಂಬತ್ತೂವರೆ. ಹೂವಿನ ದೃಷ್ಟಿಯಿಂದ ಇದು ನಷ್ಟ. ಕನ್ನೆಸೊಪ್ಪಿನ ನೀಲಿ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ, ಹುಳ ಹಿಡಿಯುವ ಡ್ರೊಸೆರಾದ ಹೂವಿಗೂ ಆಯುಸ್ಸು ಕೆಲವೇ ಗಂಟೆ. ಸುರಕ್ಷತೆಯ ದೃಷ್ಟಿಯಿಂದ ಇದು ಇನ್ನೂ ಗಂಭೀರ. ಅಕ್ಟೋಬರಿನಲ್ಲಿ ಮುಂಗಾರು ಹಿಂದೆ ಸರಿಯುವಾಗ ಬೆಳಿಗ್ಗೆ ಬಿಸಿಲು, ಮಧ್ಯಾಹ್ನದ ನಂತರ ಘಟ್ಟದ ಮೇಲೆ ಗುಡುಗು ಮಳೆ. ನೀವು ನಿಂತಲ್ಲಿ ಹನಿ ಬೀಳದಿದ್ದರೂ ಮೇಲೆ ಸುರಿದದ್ದು ಕಣಿವೆಗೆ ಇಳಿದೇ ಇಳಿಯುತ್ತದೆ. ತಿಳಿ ನೀರು ಇದ್ದಕ್ಕಿದ್ದಂತೆ ಕಂದಿದರೆ, ಕಸಕಡ್ಡಿ ಎಲೆ ತೇಲಿಬರತೊಡಗಿದರೆ, ಸದ್ದು ದಪ್ಪವಾದರೆ, ಬ್ಯಾಗು ಕ್ಯಾಮೆರಾ ಹುಡುಕುತ್ತಾ ನಿಲ್ಲದೆ ಮೇಲಿನ ದಂಡೆಗೆ ಹತ್ತಬೇಕು. ನಡಿಗೆ ಮಧ್ಯಾಹ್ನ ಒಂದು ಗಂಟೆಯೊಳಗೆ ಮುಗಿಯುವಂತಿರಬೇಕು, ಅಂದರೆ ಉಡುಪಿ ಬಿಡುವುದು ಐದಕ್ಕೆ, ತಿಂಡಿಯನ್ನು ಕಟ್ಟಿಸಿಕೊಂಡು.

ಕಾಲಿಗೆ ಏನು ಹಾಕಬೇಕೆಂಬ ಬಗ್ಗೆ ತಂಡದ ಸಂದೇಶದಲ್ಲಿ ‘ಒಳ್ಳೆಯ ಟ್ರೆಕ್ಕಿಂಗ್ ಶೂ’ ಎಂದಷ್ಟೇ ಇದೆ. ಹಳ್ಳದ ನಡಿಗೆಗೆ ಇದು ಸಾಲದು. ನೀರು ಒಳಬಾರದಂಥ ದುಬಾರಿ ಶೂಗೆ ಮೇಲಿನಿಂದ ನೀರು ಹೊಕ್ಕರೆ ಹೊರಹೋಗಲು ದಾರಿಯಿಲ್ಲ, ಮಿಕ್ಕ ದಾರಿಯೆಲ್ಲ ಒಂದೊಂದು ಕಾಲಿಗೆ ಅರ್ಧ ಲೀಟರ್ ಹೊತ್ತು ನಡೆಯಬೇಕು. ಜಾಲರಿ ಬಟ್ಟೆಯ, ಮೆತ್ತನೆ ರಬ್ಬರ್ ತಳದ ಹಗುರ ಶೂ ಸಾಕು. ಗಟ್ಟಿ ಪ್ಲಾಸ್ಟಿಕ್ ತಳ ಒದ್ದೆ ಬಂಡೆಯಲ್ಲಿ ಹಿಡಿಯುವುದಿಲ್ಲ. ಕಪಾಟಿನಲ್ಲಿ ನಾಲ್ಕೈದು ವರ್ಷ ಸುಮ್ಮನೆ ಇಟ್ಟ ಶೂವನ್ನು ನೇರ ಚಾರಣಕ್ಕೆ ತರಬೇಡಿ. ನಮ್ಮ ಕರಾವಳಿಯ ತೇವಕ್ಕೆ ತಳದ ಪಾಲಿಯುರೆಥೇನ್ ಪದರ ಒಳಗೊಳಗೇ ಪುಡಿಯಾಗಿರುತ್ತದೆ, ನೋಡಲು ಹೊಸದರಂತಿದ್ದರೂ ನೀರಿಗಿಳಿದೊಡನೆ ಅಟ್ಟೆ ಕಳಚಿಕೊಳ್ಳುತ್ತದೆ. ಹಿಂದಿನ ವಾರ ಮನೆಯಂಗಳದಲ್ಲಿ ಒದ್ದೆ ಮಾಡಿ ಅರ್ಧ ಗಂಟೆ ನಡೆದು ನೋಡಿ.

ಉಂಬಳ (ಜಿಗಣೆ) ಇದ್ದೇ ಇರುತ್ತದೆ. ಪ್ಯಾಂಟಿನ ತುದಿಯನ್ನು ಒಳಸೇರಿಸಿ ಮೊಣಕಾಲವರೆಗೆ ಕಟ್ಟುವ, ನೇಯ್ಗೆ ದಟ್ಟವಾದ ಕಾಲುಚೀಲ ಎಲ್ಲಕ್ಕಿಂತ ಒಳ್ಳೆಯದು. ಮಾಮೂಲಿ ಕಾಲುಚೀಲದ ಎಳೆಗಳ ನಡುವೆ ಉಂಬಳ ತೂರಿಕೊಳ್ಳುತ್ತದೆ. ಕಚ್ಚಿದ್ದರೆ ಉಗುರಿನಿಂದ ಮೊದಲು ಸಪೂರ ತುದಿಯನ್ನು, ಆಮೇಲೆ ದಪ್ಪ ತುದಿಯನ್ನು ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಅದರ ಜೊಲ್ಲಿನಲ್ಲಿರುವುದರಿಂದ ಬಿಟ್ಟ ಮೇಲೂ ಹೊತ್ತು ಹೊತ್ತು ರಕ್ತ ಒಸರುತ್ತದೆ, ಹೆದರಬೇಕಾಗಿಲ್ಲ, ಒತ್ತಿ ಹಿಡಿಯಿರಿ. ಉಪ್ಪಿನ ಪೊಟ್ಟಣವನ್ನು ಹಳ್ಳದ ಬದಿಯಲ್ಲಿ ಬಿಚ್ಚಬೇಡಿ, ಕಪ್ಪೆಗಳ ಚರ್ಮ ಉಪ್ಪನ್ನು ತಾಳುವುದಿಲ್ಲ. ಡಿಸೆಂಬರ್ ನಂತರ ಈ ಕಾಡಿಗೆ ಹೋಗುವವರು ಉಣುಗಿನ ಬಗ್ಗೆಯೂ ಎಚ್ಚರ ಇಡಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ, ಅದು ಹೆಚ್ಚುವುದು ಒಣ ತಿಂಗಳುಗಳಲ್ಲಿ. ಆಗ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚದೆ ಹೋಗುವುದು ಬೇಡ.

ಹಾವಿನ ವಿಷಯದಲ್ಲಿ ತಂಡದ ಸಿದ್ಧತೆ ಪರವಾಗಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿದೆ, ವಾಹನ ರಸ್ತೆಯಲ್ಲೇ ನಿಂತಿರುತ್ತದೆ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆ ಅಲ್ಲಿಂದ ಒಂದು ಗಂಟೆಯ ಮೇಲಿನ ದಾರಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ; ಆ ಕೈಕಾಲು ಅಲ್ಲಾಡದಂತೆ ಇಟ್ಟು ಹೊತ್ತುಕೊಂಡು ಹೋಗಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಹಳ್ಳದ ಬದಿಯ ಪೊದೆಯಲ್ಲಿ ಎಲೆಯ ಬಣ್ಣಕ್ಕೇ ಕೂತಿರುವ ಪಿಟ್ ವೈಪರ್ ಆ ಪಟ್ಟಿಯಲ್ಲಿಲ್ಲ. ಹೂ ನೋಡಲು ಬಾಗುವ ಮೊದಲು ಕೋಲಿನಿಂದ ಬದಿಯ ಕೊಂಬೆಯನ್ನು ನೋಡಿಕೊಳ್ಳಿ, ಬರಿಗೈಯಲ್ಲಿ ಸರಿಸಬೇಡಿ.

ಮೊಬೈಲಿನಲ್ಲೇ ಫೋಟೊ ತೆಗೆಯುವವರಿಗೆ ಎರಡು ಮಾತು. ಏಸಿ ವಾಹನದಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಇಳಿಯುವುದಕ್ಕೆ 20 ನಿಮಿಷ ಮುಂಚೆ ಏಸಿ ಆರಿಸಿ ಕಿಟಕಿ ತೆರೆಯಲು ಚಾಲಕರಿಗೆ ಹೇಳಿ. ಗುರುತು ಹಿಡಿಯಲು ಹೂವಿನ ಮುಖದ ಚಿತ್ರವೊಂದೇ ಸಾಲದು. ಬದಿಯಿಂದ ಬಾಲ ಕಾಣುವಂತೆ ಒಂದು, ಎಲೆಯ ಮೇಲ್ಮೈ, ಅಡಿಭಾಗ, ಇಡೀ ಗಿಡ ಮತ್ತು ಅದು ನಿಂತ ಜಾಗ ಇಷ್ಟೂ ಬೇಕು. ಗಿಡ, ಪ್ರಾಣಿಗಳನ್ನು ದಾಖಲಿಸುವ ಜಾಲತಾಣವಾದ ಐನ್ಯಾಚುರಲಿಸ್ಟ್‌ನಲ್ಲಿ ಹಾಕುವಾಗ ಸೀತಾಳೆಗಳ ಸ್ಥಳವನ್ನು ಮರೆಮಾಚುವ ಆಯ್ಕೆ ಒತ್ತಿ. ಕಿತ್ತು ಮಾರುವವರು ಅವನ್ನೂ ನೋಡುತ್ತಾರೆ. ಅಭಯಾರಣ್ಯದೊಳಗೆ ಗಿಡ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂಬುದನ್ನು ತಂಡದವರು ಶುರುವಿನಲ್ಲೇ ಹೇಳುತ್ತಾರೆ, ಬ್ಯಾಗಿಗೆ ಗೆಡ್ಡೆ ತುರುಕುವವರನ್ನು ತಡೆದು ವಾಪಸ್ ನೆಡಿಸುತ್ತಾರೆ. ಈ ಗಟ್ಟಿತನ ಎಲ್ಲ ತಂಡಗಳಲ್ಲಿ ಬರಬೇಕು.

ಊಟ ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮಿಡಿ ಉಪ್ಪಿನಕಾಯಿ, ಜೊತೆಗೆ ಪುನರ್ಪುಳಿ ಶರಬತ್ತು. ರುಚಿ ಚೆನ್ನಾಗಿದೆ, ಪ್ಲಾಸ್ಟಿಕ್ ಕಸ ಇಲ್ಲ. ನೀರು ತಲೆಗೆ ಎರಡು ಲೀಟರ್ ನೀವೇ ಒಯ್ಯಬೇಕು.

ಮೊಣಕಾಲು ನೋವಿರುವವರಿಗೆ, ಆರು ವರ್ಷದೊಳಗಿನ ಮಕ್ಕಳಿಗೆ ಈ ಹಳ್ಳದ ದಾರಿ ಬೇಡ. ಮಂಗಳೂರಿನವರಿಗೆ ಪಿಲಿಕುಳದ ಸಸ್ಯೋದ್ಯಾನದಲ್ಲಿ ಪಶ್ಚಿಮ ಘಟ್ಟದ ಮರಗಳನ್ನು ಸಮತಟ್ಟು ದಾರಿಯಲ್ಲಿ ನೋಡಬಹುದು. ಉಡುಪಿ ಕಡೆಯವರಿಗೆ ಸೆಪ್ಟೆಂಬರಿನಲ್ಲಿ ಹತ್ತಿರದ ಯಾವುದಾದರೂ ಮುರಕಲ್ಲಿನ ಪದವು ಸಾಕು; ನೀರು ನಿಂತ ತಗ್ಗುಗಳಲ್ಲಿ ಯುಟ್ರಿಕುಲೇರಿಯಾದ ನೇರಳೆ ಹೂ, ಬಿಳಿ ಗುಂಡಿಯಂಥ ಎರಿಯೊಕಾಲಾನ್ ಹಾಸಿಕೊಂಡಿರುತ್ತವೆ, ಕಾರಿನಿಂದ ಇಳಿದು ಹತ್ತು ಹೆಜ್ಜೆ ನಡೆದರೆ ಆಯಿತು.

ಬುಕ್ ಮಾಡುವ ಮೊದಲು ಫೋನಿನಲ್ಲಿ ಮೂರು ವಿಷಯ ಕೇಳಿಕೊಳ್ಳಿ: ಅರಣ್ಯ ಇಲಾಖೆಯ ಅನುಮತಿ ಆ ದಿನಾಂಕಕ್ಕೆ ಸಿಕ್ಕಿದೆಯೇ, ಆ ದಿನ ಎಷ್ಟು ಜನ ಆಗಿದ್ದಾರೆ, ಗಿಡ ಬಲ್ಲವರು ಒಬ್ಬರೇ ಇಬ್ಬರೇ. ಜನ ಹದಿನೈದು ದಾಟಿದ್ದರೆ ಮುಂದಿನ ವಾರಕ್ಕೆ ಹಾಕಿಸಿಕೊಳ್ಳಿ, ಅದಕ್ಕೆ ಹೆಚ್ಚುವರಿ ದುಡ್ಡು ಕೇಳುವುದಿಲ್ಲ. ಹಿಂದಿನ ರಾತ್ರಿ ಘಟ್ಟದಲ್ಲಿ ಜೋರು ಮಳೆಯಾದರೆ ಬೆಳಗಿನ ಜಾವ ನಾಲ್ಕಕ್ಕೆ ರದ್ದು ಸಂದೇಶ ಬರುತ್ತದೆ, ಪೂರ್ತಿ ಹಣ ವಾಪಸ್ ಕೊಡುತ್ತಾರೆ. ಹಾಗೆ ರದ್ದಾದಾಗ ತಂಡದವರ ಮೇಲೆ ರೇಗಬೇಡಿ. ಅದೇ ಹಣಕ್ಕೆ ಇನ್ನೊಂದು ತಾರೀಕು ಬರೆಸಿಕೊಳ್ಳಿ.